ಮರಿ ಹಾರುವ ತನಕ

ಮೇ 11, ಶನಿವಾರ

ಗ್ರಂಥಾಲಯದ ಮೇಡಂ ಫೋನಿನಲ್ಲೂ ಪಿಸುಗುಟ್ಟುತ್ತಾರೆ. ಮೂರು ಸಲ "ಏನಂದ್ರಿ?" ಎಂದು ಕೇಳಿದ ಮೇಲೆ ವಿಷಯ ತಿಳಿಯಿತು. ಅಟ್ಟದಲ್ಲಿ ಬಾವಲಿಗಳು ಸೇರಿಕೊಂಡಿವೆ, ಓದುವ ಕೋಣೆಯ ಮೇಜಿನ ಮೇಲೆ ಹಿಕ್ಕೆ ಬೀಳುತ್ತಿದೆ, ಇವತ್ತೇ ಬಂದು ಓಡಿಸಬೇಕು. ನನ್ನ ಕೆಲಸವೇ ಅದು, ಕಟ್ಟಡಗಳಲ್ಲಿ ಸೇರಿಕೊಂಡ ಬಾವಲಿಗಳನ್ನು ಕೊಲ್ಲದೆ ಹೊರಗೆ ಹಾಕುವುದು. ಊರಿನಲ್ಲಿ ಇದನ್ನು ಮಾಡುವವನು ನಾನೊಬ್ಬನೇ. ಅದಕ್ಕೇ ಎಲ್ಲರೂ ಮನೆಗೆ ಬೆಂಕಿ ಬಿದ್ದವರ ಹಾಗೆ ಕರೆಯುತ್ತಾರೆ.

ಹೋಗಿ ನೋಡಿದೆ. ಹಿಂಬದಿಯಲ್ಲಿ ಗೋಡೆಯೂ ಸೂರೂ ಸೇರುವ ಕಡೆ ಹೆಬ್ಬೆರಳು ತೂರುವಷ್ಟು ಸಂದಿ ಇದೆ. ಅವಕ್ಕೆ ಅಷ್ಟು ಸಾಕು. ಒಳಗೆ ತೊಲೆಗಳ ಉದ್ದಕ್ಕೂ ಒತ್ತೊತ್ತಾಗಿ ನೇತಾಡುತ್ತಿದ್ದವು, ಎಲ್ಲವೂ ಬಸುರಿಯರು. ವರ್ಷಕ್ಕೆ ಒಂದೇ ಮರಿ ಹಾಕುವ ಪ್ರಾಣಿ ಇದು.

"ಈಗಾಗಲ್ಲ ಮೇಡಂ. ಮರಿ ಹುಟ್ಟಬೇಕು, ಹಾರೋದು ಕಲೀಬೇಕು. ಜುಲೈ ಬರಲಿ."

"ಅಲ್ಲೀ ತನಕ ನಾನು ಕೊಡೆ ಹಿಡ್ಕೊಂಡು ಕೂತಿರ್ಲಾ?" ಎಂದು ಪಿಸುಗುಟ್ಟಿದರು.

ಬಲೆಯ ವಿಷಯ ಬಿಡಿಸಿ ಹೇಳಿದೆ. ಸಂದಿಯ ಮೇಲಿನಿಂದ ಒಂದು ಬಲೆಯನ್ನು ಪರದೆಯ ಹಾಗೆ ಇಳಿಬಿಡುತ್ತೇನೆ. ಸಂಜೆ ಹುಳು ಹಿಡಿಯಲು ಹೊರಟವು ಗೋಡೆಯಲ್ಲೇ ಕೆಳಗಿಳಿದು ಬಲೆಯ ಅಡಿಯಿಂದ ನುಸುಳಿ ಹೋಗುತ್ತವೆ. ಬೆಳಗಿನ ಜಾವ ಬಂದಾಗ ನೇರ ಸಂದಿಗೇ ನುಗ್ಗಲು ನೋಡಿ ಬಲೆಗೆ ಬಡಿಯುತ್ತವೆ. ಹೊರಗೆ ಬಿಡುವ ದಾರಿ ಒಳಗೆ ಬಿಡುವುದಿಲ್ಲ. ಮರಿಗೆ ಹಾರಲು ಬರುವ ಮುಂಚೆ ಬಲೆ ಕಟ್ಟಿದರೆ ತಾಯಿ ಹೊರಗೆ, ಮರಿ ಒಳಗೆ. ಎರಡು ದಿನದಲ್ಲಿ ಮರಿ ಸಾಯುತ್ತದೆ. ಮೇಡಂ ಅಟ್ಟದ ಕಡೆ ನೋಡಿ ಆಗಲಿ ಎಂದರು.

ನಾನು ಈಗಲೂ ಅಕ್ಕನ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ, ಬಟ್ಟೆಯ ಥಾನುಗಳ ನಡುವೆ. ಚೀಲ ಹಿಡಿದು ಬಂದ ದಿನ ಅಕ್ಕ, "ಬಾವಲಿ ಮನೆಗೆ ಬಾವಲಿ ಬಂದ್ರೆ ನೀನೂ ನೇತಾಡು, ನಾನೂ ನೇತಾಡ್ತೀನಿ ಅಂದಿತಂತೆ. ಬಾ," ಎಂದಿದ್ದಳು. ಹೆಂಡತಿ "ಸ್ವಲ್ಪ ದಿನ ಬೇರೆ ಇರೋಣ" ಎಂದಿದ್ದಾಳೆ. ಸ್ವಲ್ಪ ದಿನ ತಾನೇ. ಸಿಟ್ಟು ಇಳಿಯಲಿ. ಕಾಯುವುದು ನನಗೆ ಹೊಸದಲ್ಲ.

ಮೇ 19, ಭಾನುವಾರ

ಸಿಟ್ಟು ಇಳಿದಿಲ್ಲ. ಬೇರೆಯೇ ಏನೋ ಆಗಿದೆ.

ಹೆಂಡತಿ ತಾನು ಕೆಲಸ ಮಾಡುವ ಆಸ್ಪತ್ರೆಯ ಕ್ಯಾಂಟೀನಿಗೆ ಕರೆದಿದ್ದಳು. ಅವಳಿಗೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದು ಕರೆದಿದೆಯಂತೆ, ಬಸ್ಸಿನಲ್ಲಿ ಇಡೀ ಹಗಲಿನ ದಾರಿ. ಜುಲೈ ಮೊದಲ ವಾರ ಹೋಗಬೇಕಂತೆ. ಬುಗುರಿಯನ್ನೂ ಕರೆದುಕೊಂಡು. ಬುಗುರಿ ನಮ್ಮ ಮಗಳು, ಆರು ವರ್ಷ. ಒಂದು ಕಡೆ ನಿಂತವಳಲ್ಲ, ಅದಕ್ಕೇ ಆ ಹೆಸರು.

"ನೀವು ಹೂಂ ಅನ್ನದೆ ಹೋಗಲ್ಲ. ಕೋರ್ಟು ಗೀರ್ಟು ಅಂತ ಮಗೂನ ಎಳೆದಾಡೋದು ನನಗೆ ಬೇಡ," ಎಂದಳು.

"ಹಾಗಾದ್ರೆ ಹೋಗ್ಬೇಡ."

"ಯೋಚನೆ ಮಾಡಿ ಹೇಳಿ."

"ಮಾಡಿದೀನಿ. ಆ ಊರಲ್ಲಿ ಯಾರಿದ್ದಾರೆ ನಿನಗೆ?"

"ಇಲ್ಲಿ ಯಾರಿದ್ದಾರೆ?" ಎಂದಳು.

ನಾನು ಎದುರಿಗೇ ಕೂತಿದ್ದೆ. ಅವಳು ಚುಚ್ಚಲು ಅಂದದ್ದಲ್ಲ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಚುಚ್ಚಲು ಅಂದಿದ್ದರೆ ವಾಸಿಯಿತ್ತು. ಇನ್ನು ನಾನಾಗಿ ಏನೂ ಹೇಳುವುದಿಲ್ಲ, ಅವಳೇ ಬಗ್ಗಲಿ. ಮಗಳನ್ನು ಬಿಟ್ಟುಕೊಡಲು ನನಗೇನು ತಲೆ ಕೆಟ್ಟಿದೆಯೇ.

ಮೇ 23

ಹೋದ ವರ್ಷ ನಾನು ಸಂದಿ ಮುಚ್ಚಿದ್ದ ಹಳೆಯ ಗೋದಾಮಿನ ಹತ್ತಿರ ಹೋಗಿದ್ದೆ. ಒಂದು ಬಾವಲಿ ಇನ್ನೂ ಆ ಮುಚ್ಚಿದ ಸಂದಿಯ ಮುಂದೆ ಸುತ್ತು ಹಾಕುತ್ತಿತ್ತು. ಕತ್ತಲಲ್ಲಿ ಕೂದಲೆಳೆಯಷ್ಟು ತಂತಿಯನ್ನೂ ಬರೀ ತನ್ನ ಕೂಗಿನ ಪ್ರತಿಧ್ವನಿಯಿಂದ ಕಂಡುಹಿಡಿಯುವ ಪ್ರಾಣಿ. ಅಷ್ಟು ದೊಡ್ಡ ಸಿಮೆಂಟಿನ ತೇಪೆ ಕಾಣುವುದಿಲ್ಲವೇ? ಕಾಣುತ್ತದೆ. ಆದರೂ ಬರುತ್ತದೆ. ಜಾಗದ ನೆನಪು ಅಷ್ಟು ಗಟ್ಟಿ ಅವಕ್ಕೆ. ಇದಕ್ಕೆ ಬುದ್ಧಿವಂತಿಕೆ ಅನ್ನುತ್ತಾರೋ ಪೆದ್ದುತನ ಅನ್ನುತ್ತಾರೋ.

ಬರುವಾಗ ನಮ್ಮ ಬೀದಿಯಲ್ಲೇ ಬಂದೆ. ಹೆಂಡತಿ, ಮಗಳು ಇರುವ ಮನೆಯ ಅಡುಗೆಮನೆಯಲ್ಲಿ ದೀಪ ಇತ್ತು. "ಗೋದಾಮಿನಿಂದ ಇಲ್ಲಿಗೆ ಆ ಬೀದಿ ಎಲ್ಲಿ ಅಡ್ಡ ಬಂತೋ?" ಎಂದು ಅಕ್ಕ ಕೇಳಿದಳು. ಸ್ವಲ್ಪ ಬಳಸು ದಾರಿ, ಅಷ್ಟೇ. ಅಕ್ಕನಿಗೆ ಎಲ್ಲದರಲ್ಲೂ ಒಂದು ಕೊಂಕು ಇರಲೇಬೇಕು.

ಜೂನ್ 2, ಭಾನುವಾರ

ಮರಿಗಳು ಹುಟ್ಟಿವೆ. ಏಣಿ ಹತ್ತಿ ಅಟ್ಟದ ಬಾಗಿಲು ಸರಿಸಿದರೆ ತೊಲೆಯ ಮೇಲೆಲ್ಲ ಗುಲಾಬಿ ಬಣ್ಣದ, ಇನ್ನೂ ಕೂದಲು ಬರದ ಬೊಮ್ಮಟೆ ಜೀವಗಳು. ತಾಯಂದಿರು ಊಟಕ್ಕೆ ಹೊರಟಾಗ ಅವೆಲ್ಲ ಒಂದೇ ಗುಂಪಾಗಿ ಅಂಟಿಕೊಳ್ಳುತ್ತವೆ, ಬಿಸಿಗೆ. ಮರಳಿ ಬಂದ ತಾಯಿ ಆ ಗಲಾಟೆಯಲ್ಲಿ ತನ್ನದನ್ನೇ ಹುಡುಕಿ ತೆಗೆಯುತ್ತದೆ. ಮರಿ ಕೂಗುತ್ತದೆ, ತಾಯಿ ಓಗೊಡುತ್ತದೆ, ಹತ್ತಿರ ಬಂದು ಮೂಸಿ ನೋಡುತ್ತದೆ. ಬೇರೆಯವರ ಮರಿ ಹಾಲಿಗೆ ಬಾಯಿ ಹಾಕಿದರೆ ರೆಕ್ಕೆಯಿಂದ ತಳ್ಳುತ್ತದೆ. ಇಷ್ಟು ವರ್ಷ ನೋಡಿದ್ದೇನೆ, ತಪ್ಪಿದ್ದನ್ನು ಕಾಣೆ.

ಅವುಗಳ ಕೂಗು ನಮ್ಮ ಕಿವಿಗೆ ಸಿಗುವಂಥದ್ದಲ್ಲ. ಅದನ್ನು ಕೇಳುವ ಹಾಗೆ ಇಳಿಸಿಕೊಡುವ ಸಣ್ಣ ಯಂತ್ರ ನನ್ನ ಹತ್ತಿರ ಇದೆ. ಬುಗುರಿ ಅದನ್ನು ಬಾವಲಿ ರೇಡಿಯೋ ಅನ್ನುತ್ತಾಳೆ. ಭಾನುವಾರ ಅವಳು ನನ್ನ ಪಾಲು. ಇವತ್ತು ಜ್ವರ ಎಂದು ಕಳಿಸಲಿಲ್ಲ. ಜ್ವರ ನಿಜವೇ, ಫೋನಿನಲ್ಲಿ ಮೂಗು ಕಟ್ಟಿದ ದನಿ ಕೇಳಿಸಿತು. ಆದರೂ ದಿನವೆಲ್ಲ ತಲೆ ಚಿಟ್ಟು ಹಿಡಿದಿತ್ತು.

ಜೂನ್ 9, ಭಾನುವಾರ

ಬುಗುರಿ ಬಂದಿದ್ದಳು. ಬಂದ ಕೂಡಲೇ ಅಕ್ಕನ ಅಂಗಡಿಯಲ್ಲಿ ಬಟ್ಟೆ ನೇತುಹಾಕುವ ಕಬ್ಬಿಣದ ಸರಳಿಗೆ ಮೊಣಕಾಲು ಸಿಕ್ಕಿಸಿ ತಲೆಕೆಳಗಾಗಿ ಜೋತುಬಿದ್ದಳು. ಮುಖ ಕೆಂಪಾಯಿತು.

"ಅಪ್ಪಾ, ಬಾವಲಿಗೆ ಕಾಲು ನೋಯಲ್ವಾ?"

"ನೋಯಲ್ಲ. ಅದು ನೇತಾಡೋಕೆ ಶಕ್ತಿನೇ ಹಾಕಲ್ಲ. ಅದರ ಭಾರಕ್ಕೇ ಬೆರಳು ಬಿಗಿಯಾಗತ್ತೆ. ನಿದ್ದೆ ಬಂದ್ರೂ ಬೀಳಲ್ಲ."

"ಸತ್ತೋದ್ರೆ?"

"ಆಗಲೂ ಬೀಳಲ್ಲ."

ಹಾಗೇ ಒಂದು ಸಲ ಹಿಂದಕ್ಕೂ ಮುಂದಕ್ಕೂ ತೂಗಿದಳು. ಆಮೇಲೆ, "ಅಟ್ಟದಲ್ಲಿ ಅಪ್ಪ ಬಾವಲಿ ಎಲ್ಲಿರತ್ತೆ?" ಎಂದಳು.

"ಅಟ್ಟದಲ್ಲಿ ಇರಲ್ಲ. ಅಮ್ಮಂದಿರು, ಮಕ್ಕಳು ಅಷ್ಟೇ ಅಲ್ಲಿ. ಗಂಡುಗಳು ಬೇರೆ ಕಡೆ ಇರ್ತಾವೆ, ಮರದ ಪೊಟರೆ, ಸೇತುವೆ ಕೆಳಗೆ, ಎಲ್ಲಾದ್ರೂ."

"ಯಾಕೆ? ಬೈದು ಕಳಿಸಿದ್ರಾ?"

"ಇಲ್ಲ ಕಣೇ. ಅವುಗಳ ಕ್ರಮ ಹಾಗೆ."

"ಭಾನುವಾರ ಬರತ್ತಾ?"

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು. ನಾನು ಬರತ್ತೆ ಎಂದೆ. ಸುಳ್ಳು. ಆದರೆ ಆರು ವರ್ಷದ ಮಗುವಿಗೆ ಇನ್ನೇನು ಹೇಳಬೇಕಿತ್ತು. ಸಂಜೆ ಅವಳನ್ನು ಬಿಟ್ಟು ಬಂದ ಮೇಲೆ ಅಕ್ಕ ನೂಲು ಸುತ್ತುತ್ತಾ, "ಕಳಿಸಿಬಿಡೋ. ಅವಳಿಗೆ ಅಲ್ಲಿ ಒಳ್ಳೆ ಕೆಲಸ ಇದೆ, ಮಗೂನ ಚೆನ್ನಾಗಿ ನೋಡ್ಕೋತಾಳೆ. ನೀನು ಹಿಡಿದಿಟ್ಟುಕೊಂಡು ಏನು ಕಡಿದು ಕಟ್ಟೆ ಹಾಕ್ತೀಯ?" ಎಂದಳು. ನನ್ನ ಅಕ್ಕನೋ, ಅವಳ ಅಕ್ಕನೋ. ಊಟ ಮಾಡದೆ ಮೇಲೆ ಬಂದೆ.

ಜೂನ್ 10

ಅಕ್ಕನ ಜೊತೆ ಮಾತು ಬಿಟ್ಟಿದ್ದೇನೆ.

ಜೂನ್ 14

ಮಾತು ಬಿಟ್ಟವರ ಮನೆಯಲ್ಲಿ ಇರುವುದು ಎಷ್ಟು ಕಷ್ಟ. ಇವತ್ತು ಅಂಗಿಯ ಗುಂಡಿ ಕಿತ್ತುಹೋಗಿತ್ತು. ಕೇಳುವ ಹಾಗಿಲ್ಲ. ಮಧ್ಯಾಹ್ನ ನೋಡಿದರೆ ಗುಂಡಿ ಹಾಕಿಟ್ಟಿದ್ದಾಳೆ. ಅವಳಿಗೆ ಸೋತೆ.

ಜೂನ್ 21

ಮರಿಗಳು ಹಾರಲು ಕಲಿಯುತ್ತಿವೆ. ಅಟ್ಟದೊಳಗೇ ಈ ತೊಲೆಯಿಂದ ಆ ತೊಲೆಗೆ. ಒಂದಷ್ಟು ಗೋಡೆಗೆ ಬಡಿದು ಕೆಳಗೆ ಬಿದ್ದು ತೆವಳಿಕೊಂಡು ಮತ್ತೆ ಮೇಲೆ ಹತ್ತುತ್ತವೆ. ಮೇಡಂ ಈಗ ದಿನಾ ಏಣಿಯ ಬುಡದಲ್ಲಿ ನಿಂತು, "ಇವತ್ತು ಎಷ್ಟು ಪಾಸು?" ಎಂದು ಪಿಸುಗುಟ್ಟಿ ಕೇಳುತ್ತಾರೆ. ಮೊದಲು ಓಡಿಸಿ ಎಂದವರು ಇವರೇ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಯ ಫೋನು ಬಂತು. ಜುಲೈ ಒಂದಕ್ಕೆ ಆಸ್ಪತ್ರೆಗೆ ಉತ್ತರ ಕೊಡಬೇಕಂತೆ.

"ನೀವು ಬೇಡ ಅಂದ್ರೆ ಬೇಡ ಅಂತ ಬರೀತೀನಿ. ಒಂದು ಸಲ ಬಾಯಿಬಿಟ್ಟು ಹೇಳಿ ಸಾಕು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇರಬೇಡಿ."

ಬೇಡ ಎನ್ನಲು ಬಾಯಿ ತೆರೆದೆ. "ನಾಳೆ ಬಿಟ್ಟು ಮುಂದಿನ ಶನಿವಾರ ಬುಗುರಿನ ಕರ್ಕೊಂಡು ಸಂಜೆ ಗ್ರಂಥಾಲಯಕ್ಕೆ ಬಾ. ಬಾವಲಿ ಹೊರಡೋದು ನೋಡಲಿ. ಅಲ್ಲೇ ಹೇಳ್ತೀನಿ," ಎಂದೆ. ಅವಳು ಎಂದೂ ನನ್ನ ಕೆಲಸ ನೋಡಲು ಬಂದವಳಲ್ಲ. ಒಮ್ಮೆ ನೋಡಿದರೆ ಅರ್ಥವಾಗುತ್ತದೆ. ನಾನೇನು ಸೂರು ಸೂರು ಅಲೆಯುವ ಅಲೆಮಾರಿಯಲ್ಲ ಎಂದು.

ಜೂನ್ 29, ಶನಿವಾರ

ಇಷ್ಟು ಒಳ್ಳೆಯ ದಿನ ಈ ವರ್ಷ ಬಂದಿರಲಿಲ್ಲ.

ಮಧ್ಯಾಹ್ನವೇ ಬಲೆ ಕಟ್ಟಿಬಿಟ್ಟೆ. ಸಾಮಾನ್ಯವಾಗಿ ಇನ್ನೊಂದು ವಾರ ಬಿಡುತ್ತೇನೆ. ಆದರೆ ನಿನ್ನೆ ಸಂಜೆ ಮರಿಗಳೂ ತಾಯಂದಿರ ಹಿಂದೆ ಹೊರಗೆ ಬಂದದ್ದನ್ನು ಕಣ್ಣಾರೆ ನೋಡಿದ್ದೆ. ಟಾರ್ಚು ಹಿಡಿದು ಒಳಗೂ ನೋಡಿದೆ. ಕೊನೆಯ ತೊಲೆಯ ಹಿಂದೆ ಏಣಿ ಹಾಕಲಿಲ್ಲ, ಹೊತ್ತಾಗಿತ್ತು, ಅವರು ಬರುವವರಿದ್ದರು. ಬಲೆಯ ಅಡಿಯಿಂದ ನುಸುಳುವುದನ್ನೂ ಬುಗುರಿ ನೋಡಲಿ ಎಂದು ನನ್ನ ಆಸೆ.

ಬಂದರು. ಮೇಡಂ ಹಿತ್ತಲಿಗೆ ಕುರ್ಚಿ ಹಾಕಿಸಿದ್ದರು. ಬೆಳಕು ಇಳಿಯುತ್ತಿದ್ದ ಹಾಗೆ ಮೊದಲನೆಯದು ಬಲೆಯ ಅಡಿಯಿಂದ ಜಾರಿತು, ಆಮೇಲೆ ಎರಡು, ಆಮೇಲೆ ಲೆಕ್ಕವೇ ಸಿಗಲಿಲ್ಲ. ಬಾವಲಿ ರೇಡಿಯೋದಲ್ಲಿ ಟಪಟಪ ಟಪಟಪ. ಒಂದು ಹುಳುವಿನ ಬೆನ್ನು ಹತ್ತಿದಾಗ ಆ ಸದ್ದು ಜೋರಾಗಿ, ಒತ್ತಾಗಿ, ಕೊನೆಗೆ ಬಟ್ಟೆ ಹರಿದ ಹಾಗೆ 'ಜರ್ರ್' ಎನ್ನುತ್ತದೆ. ಹುಳು ಹೋಯಿತು ಎಂದು ಅರ್ಥ. ಪ್ರತಿ ಸಲ ಜರ್ರ್ ಎಂದಾಗಲೂ ಬುಗುರಿ "ತಿಂತು" ಎಂದು ಕುಣಿದಳು. ಹೆಂಡತಿ ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟು ನಗುವ ಅವಳ ಹಳೆಯ ನಗು.

"ಇದನ್ನ ಒಂದು ದಿನಾನೂ ತೋರಿಸಿರಲಿಲ್ಲವಲ್ರೀ," ಎಂದಳು.

"ನೀನು ಕೇಳಲಿಲ್ಲ."

"ಕೇಳಿದ್ದೆ," ಎಂದಳು. ಆದರೆ ಮೆತ್ತಗೆ ಹೇಳಿದಳು.

ನನ್ನ ಉತ್ತರ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಹೊರಡುವಾಗ ನಾಳೆ ಫೋನ್ ಮಾಡಿ ಎಂದಳು. ಇನ್ನು ಫೋನಿನ ಅಗತ್ಯವೇ ಇಲ್ಲ ಅನ್ನಿಸುತ್ತದೆ. ಮಂಜು ಕರಗಿದೆ. ಅಕ್ಕನಿಗೆ ಹೇಳಿದೆ, ಅವಳು ಹೂಂ ಎಂದಳು ಅಷ್ಟೇ.

ಜೂನ್ 30, ಭಾನುವಾರ

ಬಲೆ ಕಟ್ಟಿದ ಮಾರನೆಯ ಬೆಳಗಿನ ಜಾವ ಹೋಗಿ ನೋಡುವುದು ಕ್ರಮ. ಹೋದೆ. ಮೇಡಂ ಬೀಗದ ಕೈ ಹಿಡಿದು ಆಗಲೇ ಬಂದಿದ್ದರು, ಕೂದಲು ಕೂಡ ಬಾಚಿರಲಿಲ್ಲ. ಹಿಂಡಿನ ಉಳಿದವು ಬಂದು, ಸುತ್ತಿ, ಬೇರೆ ಕಡೆ ಹೋಗಿದ್ದವು. ಒಂದು ಮಾತ್ರ ಬಲೆಗೆ ಅಂಟಿಕೊಂಡಿತ್ತು, ಸರಿಯಾಗಿ ಸಂದಿಯ ಎದುರಿಗೆ. ರೇಡಿಯೋ ಹಾಕಿದೆ. ಅದು ಕೂಗುತ್ತಿತ್ತು, ಒಳಗಿನಿಂದ ಸಣ್ಣದೊಂದು ದನಿ ಓಗೊಡುತ್ತಿತ್ತು. ಕೊನೆಯ ತೊಲೆಯ ಹಿಂದೆ ತಡವಾಗಿ ಹುಟ್ಟಿದ ಮರಿ ಇತ್ತು.

ನಾನು ಇಂಥ ತಪ್ಪು ಮಾಡಿದವನಲ್ಲ.

ಏಣಿ ಹತ್ತಿ ಬಲೆಯ ಮೂಲೆ ಬಿಚ್ಚುವಾಗ ತಾಯಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ಬಾಯಿ ತೆರೆದು ಗದರಿತು, ಜಾಗ ಬಿಟ್ಟು ಕದಲಲಿಲ್ಲ. ಅದರ ಎದೆಯ ಹತ್ತಿರ ಕೂದಲು ಹಾಲಿನಿಂದ ಒದ್ದೆಯಾಗಿತ್ತು. ಬಲೆ ಸರಿದ ಕೂಡಲೇ ಒಳಗೆ ನುಗ್ಗಿತು. ನಾನು ಇಳಿದು ದೂರ ನಿಂತೆ.

"ಇನ್ನು ಅದು ಇಲ್ಲೇ ಇರುತ್ತಲ್ವಾ?" ಎಂದು ಮೇಡಂ ಕೇಳಿದರು.

"ಇರುತ್ತೆ. ಎಷ್ಟೋ ವರ್ಷದ ಮನೆ ಅದು. ಇರಲಿ ಬಿಡಿ, ಇನ್ನೊಂದು ವಾರ ತೆಗೆದೇ ಇಡ್ತೀನಿ."

ರೇಡಿಯೋದಲ್ಲಿ ಎರಡು ದನಿಗಳೂ ಹತ್ತಿರ ಹತ್ತಿರ ಬಂದು ಒಂದಾಗಿ, ನಿಂತವು. ಹಾಲು ಕುಡಿಸುತ್ತಿರಬೇಕು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಸಂದಿಯಲ್ಲಿ ತಲೆ ಕಾಣಿಸಿತು. ಹೊರಗೆ ಬಂತು. ಹೊಟ್ಟೆಗೆ ಮರಿ ಕಚ್ಚಿಕೊಂಡಿತ್ತು, ಹೆಚ್ಚುಕಡಿಮೆ ಅದರ ಅರ್ಧ ತೂಕದ ಮರಿ. ಹಾರಿದ್ದೇ ನೆಲದ ತನಕ ಕುಸಿಯಿತು. ಬಿತ್ತು ಎಂದುಕೊಂಡು ಮೇಡಂ ನನ್ನ ತೋಳು ಹಿಡಿದರು. ಬೀಳಲಿಲ್ಲ. ಬೇಲಿಯನ್ನು ಕೂದಲೆಳೆಯ ಅಂತರದಲ್ಲಿ ದಾಟಿ, ಒದ್ದಾಡಿಕೊಂಡು ಮೇಲೆದ್ದು, ರಸ್ತೆಯಾಚೆಯ ಮರಗಳ ಮೇಲೆ ಹೋಯಿತು.

ಸಂದಿ ತೆರೆದೇ ಇತ್ತು. ನಾನು ಅಡ್ಡ ನಿಂತಿರಲಿಲ್ಲ. ಬೇಕಿದ್ದರೆ ಇರಬಹುದಿತ್ತು. ತಿರುಗಿ ಒಂದು ಸುತ್ತು ಕೂಡ ಹಾಕಲಿಲ್ಲ. ಮರಿಯನ್ನು ಕರೆದೊಯ್ಯಲು ಬಂದಿತ್ತು, ಕರೆದೊಯ್ದಿತು.

ಬಲೆಯನ್ನು ಮತ್ತೆ ಕಟ್ಟಬೇಕಿತ್ತು. ಯಾಕೋ ಏಣಿಯ ಬುಡದಲ್ಲೇ ಬಹಳ ಹೊತ್ತು ಕೂತುಬಿಟ್ಟೆ. ಮೇಡಂ ಟೀ ತಂದುಕೊಟ್ಟರು.

ಜುಲೈ 1

ನೆಗಡಿಯಾಗಿದೆ. ಬೆಳಗ್ಗೆ ಹೆಂಡತಿಗೆ ಫೋನ್ ಮಾಡಿ ಹೋಗು ಎಂದೆ.

ಅವಳು ಮೊದಲು ನಂಬಲಿಲ್ಲ. "ಸಿಟ್ಟಲ್ಲಿ ಹೇಳ್ತಿದ್ದೀರಾ?"

"ಇಲ್ಲ."

"ಮತ್ತೆ ಯಾಕೆ ಈಗ?"

"ಸುಮ್ನೆ," ಎಂದೆ. ನನಗೂ ಸರಿಯಾಗಿ ಗೊತ್ತಿಲ್ಲ. ದಿನಾ ಇದೇ ಜಗ್ಗಾಟವಾಗಿ ಸಾಕಾಗಿರಬೇಕು. ಅವಳು ಅತ್ತಳು. ಅಳುವುದಕ್ಕೆ ಏನಿದೆ, ಕೇಳಿದ್ದು ಸಿಕ್ಕಿತಲ್ಲ, ಎಂದು ಹೇಳೋಣ ಎನ್ನಿಸಿತು, ಹೇಳಲಿಲ್ಲ. ಅಕ್ಕ ಕಷಾಯ ಕಾಯಿಸಿ ತಂದು ಲೋಟ ಕೈಗೆ ಕೊಟ್ಟು, ತಲೆಯ ಮೇಲೆ ಒಮ್ಮೆ ಕೈ ಇಟ್ಟು ಹೋದಳು. ಚಿಕ್ಕವನಿದ್ದಾಗ ಇಡುತ್ತಿದ್ದ ಹಾಗೆ.

ಜುಲೈ 3

ಇವತ್ತು ಸಂಜೆ ಗ್ರಂಥಾಲಯದಿಂದ ನಮ್ಮ ಬೀದಿ ಬಳಸದೆ ನೇರವಾಗಿ ಅಂಗಡಿಗೆ ಬಂದೆ. ಬೇಗ ತಲುಪಿದೆ.

ಮನೆಯ ಸಾಮಾನು ಕಟ್ಟಲು ನಾಳೆ ಬನ್ನಿ ಎಂದಿದ್ದಾಳೆ ಹೆಂಡತಿ. ಹಗ್ಗ, ಗಂಟು ಎಲ್ಲ ನನ್ನ ವಿದ್ಯೆಯಲ್ಲವೇ. ಹೋಗುತ್ತೇನೆ.

ಜುಲೈ 5, ಶುಕ್ರವಾರ

ಬೆಳಗಿನ ಮೊದಲ ಬಸ್ಸು. ಪೆಟ್ಟಿಗೆಗಳನ್ನು ಅಕ್ಕನೂ ನಾನೂ ಹತ್ತಿಸಿದೆವು. ಬುಗುರಿ ನಿದ್ದೆಯಲ್ಲಿದ್ದಳು. ಮನೆಯಿಂದ ನಿಲ್ದಾಣದ ತನಕ ನಾನೇ ಹೆಗಲ ಮೇಲೆ ಹಾಕಿಕೊಂಡು ಬಂದೆ. ಕಾಲು ಉದ್ದವಾಗಿದೆ, ನನ್ನ ಮೊಣಕಾಲಿಗೆ ತಾಗುತ್ತಿತ್ತು. ಕುತ್ತಿಗೆಯ ಹತ್ತಿರ ಅವಳ ಉಸಿರು ಬಿಸಿಯಾಗಿ ಬರುತ್ತಿತ್ತು. ದಾರಿ ಇನ್ನೂ ಉದ್ದ ಇರಬಾರದಿತ್ತೇ ಅನ್ನಿಸಿತು.

"ಎಬ್ಬಿಸಲಾ?" ಎಂದು ಕೇಳಿದೆ.

"ಬೇಡಿ. ಅಳ್ತಾಳೆ," ಎಂದಳು ಹೆಂಡತಿ. ಅವಳ ಕಣ್ಣೂ ಊದಿಕೊಂಡಿತ್ತು. ಆಮೇಲೆ, "ರಜೆ ಬಂದ ಕೂಡಲೇ ಕಳಿಸ್ತೀನಿ. ನೀವೂ ಬನ್ನಿ. ನಿಜವಾಗ್ಲೂ ಹೇಳ್ತಿದ್ದೀನಿ," ಎಂದಳು.

"ಹೂಂ. ಊಟ ಸರಿಯಾಗಿ ಮಾಡು," ಎಂದೆ. ಇಷ್ಟು ವರ್ಷ ಜೊತೆಗಿದ್ದವಳಿಗೆ ಕೊನೆಗೆ ಹೇಳಲು ನನಗೆ ಸಿಕ್ಕ ಮಾತು ಅದು.

ಮೂರು ಸೀಟಿನ ಸಾಲು. ಬುಗುರಿಯನ್ನು ಕಿಟಕಿಯ ಪಕ್ಕ ಮಲಗಿಸಿದೆ, ಹೆಂಡತಿ ಈಚೆಯ ತುದಿಯಲ್ಲಿ ಕೂತಳು. ಕೈ ತೆಗೆಯುವಾಗ ಬುಗುರಿ ಅರ್ಧ ಕಣ್ಣು ತೆರೆದಳು. ನನ್ನನ್ನು ನೋಡಿದಳು. ಇನ್ನಷ್ಟು ಕಿಟಕಿಯ ಕಡೆಗೆ ಸರಿದು, ನಡುವಿನ ಸೀಟನ್ನು ಕೈಯಲ್ಲಿ ತಟ್ಟಿ, "ಕೂತ್ಕೋ ಅಪ್ಪಾ," ಎಂದು ಮತ್ತೆ ಕಣ್ಣು ಮುಚ್ಚಿದಳು.

"ಸರ್, ನೀವೂ ಬರ್ತೀರಾ?" ಎಂದು ಕಂಡಕ್ಟರ್ ಕೇಳಿದ.

ಇಲ್ಲ ಎಂದೆ. ಇಳಿದೆ. ಅಕ್ಕ ನನ್ನ ತೋಳು ಹಿಡಿದುಕೊಂಡು ನಿಂತಳು. ಕರುಳು ಕಿತ್ತು ಬರುವುದು ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ, ಹಾಗೇ ಆಗುತ್ತದೆ.

ಬಸ್ಸು ಹೊರಟಿತು. ಕಿಟಕಿಯಲ್ಲಿ ಕಾಣುತ್ತಿತ್ತು. ಬುಗುರಿ ನಿದ್ದೆ ಹೋಗಿದ್ದಳು, ಅವಳ ಒಂದು ಕೈ ಮಾತ್ರ ನಡುವಿನ ಸೀಟಿನ ಮೇಲೆ ಚಾಚಿತ್ತು, ಬೇರೆ ಯಾರೂ ಕೂರದ ಹಾಗೆ. ಹೆಂಡತಿ ಆ ಕೈಯನ್ನು ತೆಗೆಯಲಿಲ್ಲ.